ಕೆಂಚವ್ವ ಮಡಚಲು ಬಿಡದ ಕಂಬಳಿ

ಬಹಳ ಹಿಂದೆ, ಈ ಕೆರೆಗೆ ಏರಿಯೇ ಇಲ್ಲದ ಕಾಲದಲ್ಲಿ, ಗುಡ್ಡದ ಬುಡಕ್ಕೊಂದು ಊರಿತ್ತಂತೆ. ಅಲ್ಲಿ ಕೆಂಚವ್ವ ಅಂತ ನಾಟಿ ಔಷಧಿ ಕೊಡುವ ಹೆಂಗಸಿದ್ದಳಂತೆ. ಅವಳ ಕೈಗುಣಕ್ಕೆ ಸತ್ತವರೂ ಎದ್ದು ಕೂರುತ್ತಿದ್ದರು ಅಂತಾರೆ. ಅಷ್ಟೆಲ್ಲ ನಂಬಬೇಡಿ. ಕೋತಿಗಳನ್ನು ಮಲಗಿಸಿದ್ದು ಮಾತ್ರ ನಿಜ, ಕೇಳಿ.

ಊರ ನಡುವಿನ ಹುಣಸೆಮರದಲ್ಲಿ ಕೋತಿಗಳ ಹಿಂಡು. ಹೆಂಚು ಕಿತ್ತವು, ಅನ್ನದ ಗಡಿಗೆ ಉರುಳಿಸಿದವು, ಜನ ಸಹಿಸಿಕೊಂಡರು. ಒಂದು ದಿನ ತೊಟ್ಟಿಲ ಕೂಸನ್ನೇ ಕಚ್ಚಿಬಿಟ್ಟವು ನೋಡಿ, ಊರಗೌಡನ ಪಿತ್ತ ನೆತ್ತಿಗೇರಿತು. ಬೇಟೆಗಾರರನ್ನು ಕರೆಸಿ ಒಂದೂ ಉಳಿಯದಂತೆ ಹೊಡೆಸ್ತೀನಿ ಅಂದನಂತೆ. ಕೆಂಚವ್ವ ಗೌಡನ ಮುಂದೆ ಓಡಿ ಬಂದಳು. ಆ ಹಿಂಡಿನಲ್ಲಿ ಮೋಟುಬಾಲದ ಹೆಣ್ಣೊಂದಿತ್ತು, ಅದರ ಎದೆಗೊಂದು ಮರಿ ಅಂಟಿಕೊಂಡಿತ್ತು. ನಿದ್ದೆಯ ಔಷಧಿ ಕೊಟ್ಟು ಮಲಗಿಸಿ ಆಚೆ ಕಾಡಿಗೆ ಸಾಗಿಸ್ತೀನಿ ಅಂತ ಬೇಡಿಕೊಂಡಳು. ಗೌಡ ಒಪ್ಪಿದ. ಆದರೆ ಮರದಿಂದ ಬಿದ್ದು ಒಂದು ಸತ್ತರೂ ನಿನ್ನ ಔಷಧಿ ಸಾಕು, ಹೇಗೂ ಸಾಯೋದಾದರೆ ಬೇಟೆಗಾರರೇ ಬರಲಿ ಅಂದ.

ಗುಡ್ಡದ ಬೇರು ಅರೆದು, ಬೆಲ್ಲ ರಾಗಿಹಿಟ್ಟಿನಲ್ಲಿ ಕಲಸಿ ಉಂಡೆ ಕಟ್ಟಿದಳು. ದೊಡ್ಡ ಗಡವ ಕೋತಿಗೆ ದೊಡ್ಡ ಉಂಡೆ, ಸಣ್ಣದಕ್ಕೆ ಸಣ್ಣದು. ಬೆಳಗಿನ ತಂಪಿನಲ್ಲಿ ಊರಿನ ಕಂಬಳಿಗಳನ್ನೆಲ್ಲ ಮರದಡಿ ಬಿಗಿಯಾಗಿ ಹಿಡಿಸಿದಳು. ಯಾರೂ ಕೂಗಬೇಡಿ, ಹೆದರಿದರೆ ತುದಿಗೇರುತ್ತವೆ ಅಂದು, ಒಂದೊಂದಕ್ಕೂ ಅದರದರ ಉಂಡೆ ಎಸೆದಳು. ಕೋತಿಗಳು ತಿಂದವು, ತೂಕಡಿಸಿದವು, ಮಾಗಿದ ಹುಣಸೆಯ ಹಾಗೆ ಕಂಬಳಿಗೆ ಉದುರಿದವು ಅಂತಾರೆ. ಒಂದೊಂದರ ಉಸಿರು ನೋಡಿ ಬುಟ್ಟಿಯಲ್ಲಿ ಮಗ್ಗುಲಾಗಿ ಮಲಗಿಸಿದಳು.

ಮೋಟುಬಾಲದ್ದು ಮಾತ್ರ ಬೀಳಲಿಲ್ಲ. ಅದು ತಿಂದೇ ಇಲ್ಲ ಅಂದುಕೊಂಡು, ಕೈಸೋತ ಜನ ಕಂಬಳಿ ಮಡಚತೊಡಗಿದರು. ಅಯ್ಯೋ ಮಂಕುಗಳಾ! ಕೋತಿ ಅಂದಮೇಲೆ ಸಿಕ್ಕಿದ್ದನ್ನು ಮೊದಲು ಕೆನ್ನೆಯೊಳಗೆ ತುಂಬಿಕೊಳ್ಳೋದಿಲ್ಲವೇ? ಅದು ತುದಿಯಲ್ಲಿ ಕೂತು ಆಗಿನಿಂದ ನಿಧಾನವಾಗಿ ಮೆಲ್ಲುತ್ತಿತ್ತು. ಕೆಂಚವ್ವ ಉಬ್ಬಿದ ಕೆನ್ನೆ ಕಂಡಳು.

"ಮಡಚಬೇಡ್ರೋ, ಅದರ ಬಾಯಲ್ಲಿದೆ!" ಅಂದಳು.

ಅಷ್ಟರಲ್ಲಿ ಕೊಂಬೆಯಿಂದ ಅದರ ಕೈ ಜಾರಿತ್ತು. ಕೆಂಚವ್ವ ಸೆರಗೊಡ್ಡಿ ಅದರಡಿಗೆ ನುಗ್ಗಿದಳು. ತಾಯಿಗೂ ಮರಿಗೂ ಏನೂ ಆಗಲಿಲ್ಲ, ಕೆಂಚವ್ವನ ಬಲಗೈ ಮುರಿಯಿತು. ಗೌಡ ಆ ತಾಯಿ ಮರಿಯ ಬುಟ್ಟಿಯನ್ನು ತಾನೇ ಹೊತ್ತು ಕಾಡಿನ ತನಕ ನಡೆದನಂತೆ. ಊರಿಗೆಲ್ಲ ಮೂಳೆ ಕಟ್ಟಿದವಳ ಕೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ, ಪಾಪ.

ಈಗಲೂ ಆ ಊರಲ್ಲಿ ಹುಣಸೆ ಬಡಿಯುವಾಗ ಮರದಡಿ ಕಂಬಳಿ ಹಾಸುತ್ತಾರೆ. ಹಣ್ಣೆಲ್ಲ ಉದುರಿದರೂ ತಟ್ಟನೆ ಮಡಚುವುದಿಲ್ಲ. ಎಲ್ಲರೂ ತಲೆಯೆತ್ತಿ ಮರದ ತುದಿ ನೋಡುತ್ತಾರೆ. ಆಮೇಲೆ ಹಿರಿಯ ಹೆಂಗಸೊಬ್ಬಳು ಹೇಳುತ್ತಾಳೆ: "ಮೇಲೆ ಯಾರೂ ಇಲ್ಲ, ಕೆಂಚವ್ವ."