ಬೇಕೆಂದೇ ಸೋತ ಮ್ಯಾನೇಜರ್

ನದಿ ದಂಡೆಯ ಊರೊಂದರಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಅದರ ಮ್ಯಾನೇಜರ್ ಹಾಲೇಶಪ್ಪ. ಯಾರನ್ನು ತಂಡಕ್ಕೆ ತರಬೇಕು, ಯಾರನ್ನು ಬಿಡಬೇಕು ಎನ್ನುವುದರಲ್ಲಿ ಅವನದೇ ಕೊನೆಯ ಮಾತು. ನಾಲ್ಕು ವರ್ಷದಿಂದ ತಂಡ ಸೋಲುತ್ತಲೇ ಇತ್ತು. ಹೋಟೆಲಿನಲ್ಲಿ ಟೀ ಕುಡಿಯಲು ಕೂತರೆ ಜನ, "ಈ ಸಲ ಎಷ್ಟು ಪಾಯಿಂಟಲ್ಲಿ ಸೋತ್ರಿ?" ಎಂದು ಕೇಳಿ ನಗುತ್ತಿದ್ದರು. ಹಾಲೇಶಪ್ಪ ಅರ್ಧ ಟೀ ಬಿಟ್ಟು ಎದ್ದುಬರುತ್ತಿದ್ದ.

ಅವರು ಆಡುತ್ತಿದ್ದ ಲೀಗಿನಲ್ಲಿ ಒಂದು ನಿಯಮವಿತ್ತು. ಎಲ್ಲಕ್ಕಿಂತ ಕೆಳಗೆ ಬಂದ ತಂಡ ಮುಂದಿನ ವರ್ಷ ಹೊಸ ಆಟಗಾರರಲ್ಲಿ ಮೊದಲು ಆರಿಸಿಕೊಳ್ಳಬಹುದು. ಬಿದ್ದವರು ಮೇಲೇಳಲಿ ಎಂದು ಮಾಡಿದ ನಿಯಮ. ಆ ಸಲ ಹೊಸಬರಲ್ಲಿ ಧರ್ಮೇಶ ಎಂಬವನಿದ್ದ. ಆರೂವರೆ ಅಡಿ ಎತ್ತರ, ಕೈಗೆ ಚೆಂಡು ಸಿಕ್ಕರೆ ಬುಟ್ಟಿಗೇ ಬೀಳಬೇಕು. ಅವನೊಬ್ಬ ಬಂದರೆ ತಂಡ ಎದ್ದು ನಿಲ್ಲುತ್ತದೆ ಎಂದು ಹಾಲೇಶಪ್ಪ ಲೆಕ್ಕ ಹಾಕಿದ.

ಇನ್ನು ನಾಲ್ಕು ಪಂದ್ಯ ಉಳಿದಿದ್ದವು. ಒಂದು ಗೆದ್ದರೂ ಕೊನೆಯ ಸ್ಥಾನ ತಪ್ಪುತ್ತಿತ್ತು. ಅವನು ಕೋಚ್ ಕೊಟ್ರೇಶನನ್ನು ಕರೆದು, "ಇನ್ಮೇಲೆ ನಾವು ಮುಂದೆ ಇದ್ದಾಗೆಲ್ಲ ಇಮ್ತಿಯಾಜನ್ನ ಹೊರಗೆ ಕರೆದು ಕೂರಿಸು" ಎಂದ.

ಇಮ್ತಿಯಾಜ್ ತಂಡದ ನಾಯಕ. ಮೂವತ್ತಮೂರು ವರ್ಷ. ಬೆಳಿಗ್ಗೆ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿದು, ಸಂಜೆ ಎಲ್ಲರಿಗಿಂತ ಮೊದಲು ಕೋರ್ಟಿಗೆ ಬರುವವನು.

ಕೊಟ್ರೇಶ ತಡವರಿಸಿದ. "ಅವನಿಗೆ ಏನಂತ ಹೇಳ್ಲಿ ಸಾರ್?"

"ನಿನ್ನ ಮಂಡಿ ಎಳೀತಾ ಇದೆ, ಸಾರ್ ನೋಡಿದಾರೆ ಅನ್ನು. ವಯಸ್ಸಾಯ್ತು, ನಂಬ್ತಾನೆ."

ಇಮ್ತಿಯಾಜ್ ನಂಬಿದ. ನಾಲ್ಕೂ ಪಂದ್ಯ ಸೋತರು. ಕೊನೆಯದರಲ್ಲಂತೂ ಐದು ಪಾಯಿಂಟ್ ಮುಂದಿದ್ದರು. ಆಗ ಅವನನ್ನು ಹೊರಗೆ ಕರೆದರು. ಅವನು ತಲೆಯ ಮೇಲೆ ಟವೆಲ್ ಹಾಕಿಕೊಂಡು ಬೆಂಚಿನ ಮೇಲೆ ಕೂತ. ಅತ್ತ ತಂಡ ಎರಡು ಪಾಯಿಂಟಿನಿಂದ ಸೋತಿತು.

ಪಂದ್ಯ ಮುಗಿದ ಮೇಲೆ ಅವನೇ ಹಾಲೇಶಪ್ಪನ ಹತ್ತಿರ ಬಂದ. "ಸಾರ್, ಡಾಕ್ಟ್ರು ಮಂಡೀಲಿ ಏನೂ ಇಲ್ಲ ಅಂದ್ರು. ಆದ್ರೆ ನಿಮ್ಮ ಕಣ್ಣು ತಪ್ಪಲ್ಲ. ನನ್ನಿಂದ ಊರಿಗೆ ಕೆಟ್ಟ ಹೆಸರು ಬಂತು. ಕ್ಷಮಿಸಿ. ಇನ್ನು ನಾನು ಆಡಲ್ಲ."

ನಿಜ ಹೇಳಲು ಅದು ಒಳ್ಳೆಯ ಗಳಿಗೆಯಾಗಿತ್ತು. ಹಾಲೇಶಪ್ಪ ಬಾಯಿ ತೆರೆದ. ಆದರೆ ಬಂದದ್ದು ಬೇರೆ ಮಾತು. "ಇರಲಿ ಬಿಡಪ್ಪ, ಆಗಿದ್ದಾಯ್ತು" ಎಂದು ಅವನ ಹೆಗಲು ತಟ್ಟಿದ. ಕಣ್ಣೆತ್ತಿ ಅವನ ಮುಖ ನೋಡಲಾಗಲಿಲ್ಲ.

ಅಂದುಕೊಂಡಂತೆ ಧರ್ಮೇಶ ಬಂದ. ಊರು ಅವನಿಗೆ ಹಾರ ಹಾಕಿತು, ಹಾಲೇಶಪ್ಪನಿಗೂ ಒಂದು ಹಾಕಿತು. ಮೊದಲ ಪಂದ್ಯದಲ್ಲಿ ತಂಡ ಎಂಟು ಪಾಯಿಂಟ್ ಮುಂದೆ ಹೋಯಿತು. ಅಲ್ಲಿಂದಾಚೆ ಏನಾಯಿತೋ, ಹಳೆಯ ಆಟಗಾರರ ಕಾಲು ಭಾರವಾಯಿತು. ಓಡುವುದು ಬಿಟ್ಟು ಮತ್ತೆ ಮತ್ತೆ ಬೆಂಚಿನ ಕಡೆ ತಿರುಗಿ ನೋಡತೊಡಗಿದರು. ಪಂದ್ಯ ಕೈತಪ್ಪಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

ಧರ್ಮೇಶ ಬಂದು ಮುಗ್ಧವಾಗಿ ಕೇಳಿದ: "ಸಾರ್, ಹಿಂದೆ ಬಿದ್ದಾಗ ಇವರು ಚೆನ್ನಾಗೇ ಆಡ್ತಾರೆ. ಮುಂದೆ ಹೋದ ಕೂಡಲೇ ಯಾಕೆ ಹೆದರ್ತಾರೆ?"

ಹಾಲೇಶಪ್ಪನಿಗೆ ಉತ್ತರ ಗೊತ್ತಿತ್ತು. ಮುಂದೆ ಹೋದರೆ ನಾಯಕ ಹೊರಗೆ ಕೂರುತ್ತಾನೆ, ಪಂದ್ಯ ಸೋಲುತ್ತದೆ ಎಂದು ಅವರಿಗೆ ಕಲಿಸಿದವನು ತಾನೇ. ಆ ಹುಡುಗನೆದುರು ಅವನ ಕಿವಿ ಕೆಂಪಾದವು. ಏನೋ ಗೊಣಗಿ ಎದ್ದುಹೋದ.

ಮರುದಿನ ಅವನು ಮಂಡಕ್ಕಿ ಭಟ್ಟಿಗೆ ಹೋದ. ಇಮ್ತಿಯಾಜ್ ಚೀಲ ಹೊತ್ತು ಬರುತ್ತಿದ್ದ. ಕುಂಟುತ್ತಿದ್ದ. ನೋವಿಲ್ಲದ ಕಾಲನ್ನು ಜೋಪಾನವಾಗಿ, ಬಿರುಕುಬಿಟ್ಟ ಮಡಕೆ ನೆಲಕ್ಕಿಟ್ಟಂತೆ ಊರುತ್ತಿದ್ದ. ಹಾಲೇಶಪ್ಪನನ್ನು ಕಂಡು ಚೀಲ ಇಳಿಸಿ, ಸ್ಟೂಲು ಒರೆಸಿ, "ಕೂತ್ಕೊಳ್ರಿ ಸಾರ್" ಎಂದ.

ಹಾಲೇಶಪ್ಪ ಕೂರಲಿಲ್ಲ. "ನಿನ್ನ ಮಂಡಿಗೆ ಏನೂ ಆಗಿಲ್ಲ ಇಮ್ತಿಯಾಜ್. ಯಾವತ್ತೂ ಆಗಿರ್ಲಿಲ್ಲ" ಎಂದು ಶುರುಮಾಡಿ, ನೆಲ ನೋಡುತ್ತ ಎಲ್ಲ ಹೇಳಿದ.

ಇಮ್ತಿಯಾಜ್ ಬಗ್ಗಿ ತನ್ನ ಮಂಡಿ ಮುಟ್ಟಿ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಎಂಟು ತಿಂಗಳಿಂದ ನನ್ನ ಹೆಂಡ್ತಿ ದಿನಾ ಈ ಕಾಲಿಗೆ ಎಣ್ಣೆ ತಿಕ್ತಾ ಇದಾಳೆ ಸಾರ್. ಅವಳಿಗೆ ಏನಂತ ಹೇಳ್ಲಿ?" ಎಂದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹಾಲೇಶಪ್ಪ ಕೈಮುಗಿದ.

"ನನಗೊಬ್ಬನಿಗೆ ಹೇಳಿದ್ರೆ ಸಾಲದು. ಆ ಹುಡುಗರೂ ತಮ್ಮ ಕೈಲಾಗಲ್ಲ ಅಂದ್ಕೊಂಡಿದಾರೆ. ಅವರಿಗೂ ಹೇಳ್ರಿ" ಎಂದ ಇಮ್ತಿಯಾಜ್.

ಆ ಸಂಜೆ ಹಾಲೇಶಪ್ಪ ಕೋರ್ಟಿನ ನಡುವೆ ನಿಂತು ಎಲ್ಲರೆದುರು ತಪ್ಪೊಪ್ಪಿಕೊಂಡ. ಕೊಟ್ರೇಶನ ಮೇಲೆ ಹಾಕಲಿಲ್ಲ. ಯಾರೂ ಸಮಾಧಾನ ಹೇಳಲಿಲ್ಲ. ಒಬ್ಬಿಬ್ಬರು ಬೆನ್ನು ತಿರುಗಿಸಿ ನಡೆದರು. ಲೀಗಿನವರಿಗೂ ಪತ್ರ ಬರೆದು ನಡೆದದ್ದನ್ನು ತಿಳಿಸಿದ, ಮ್ಯಾನೇಜರ್ ಕೆಲಸ ಬಿಟ್ಟ. ಮುಂದಿನ ವರ್ಷ ಈ ತಂಡ ಎಲ್ಲರಿಗಿಂತ ಕೊನೆಯಲ್ಲಿ ಆರಿಸಬೇಕೆಂದು ಲೀಗು ದಂಡನೆ ವಿಧಿಸಿತು.

ವಾರ ಬಿಟ್ಟು ಇಮ್ತಿಯಾಜ್ ಕೋರ್ಟಿಗೆ ಬಂದ. ಮೊದಮೊದಲು ಹೆದರಿ ಹೆದರಿ ಓಡಿದ, ಆಮೇಲೆ ಹೆದರಿಕೆ ಮರೆತು ಓಡಿದ. ಉಳಿದವರೂ ಅವನ ಹಿಂದೆ ಓಡಿದರು. ಆ ವರ್ಷ ತಂಡ ಗೆದ್ದದ್ದು ನಾಲ್ಕೇ ಪಂದ್ಯ. ಆದರೆ ಅವನು ಮರಳಿದ ಮೇಲೆ, ತಾವು ಮುಂದಿದ್ದ ಒಂದು ಪಂದ್ಯವನ್ನೂ ಬಿಟ್ಟುಕೊಡಲಿಲ್ಲ.

ಮೊದಲ ಗೆಲುವಿನ ದಿನ ಹಾಲೇಶಪ್ಪ ಜನರ ನಡುವೆ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. ಇಮ್ತಿಯಾಜ್ ದೂರದಿಂದಲೇ ಅವನನ್ನು ಗುರುತಿಸಿ ಕೈಯೆತ್ತಿದ. ಹಾಲೇಶಪ್ಪನೂ ಕೈಯೆತ್ತಿದ. ತಲೆ ಮಾತ್ರ ಎತ್ತಲಾಗಲಿಲ್ಲ.

ನೀತಿ: ಬಿದ್ದದ್ದನ್ನು ಮತ್ತೆ ಕಟ್ಟುವವನು ಮೊದಲು ತನ್ನವರ ನಂಬಿಕೆಯನ್ನು ಕಾಯಬೇಕು. ನಮ್ಮನ್ನು ನಂಬಿದವನಿಗೆ ಅವನ ಮೇಲೇ ಅಪನಂಬಿಕೆ ಹುಟ್ಟಿಸುವುದು ಎಲ್ಲಕ್ಕಿಂತ ದೊಡ್ಡ ಮೋಸ. ಕ್ಷಮೆ ಸಿಕ್ಕಬಹುದು, ನಾಚಿಕೆ ಉಳಿಯುತ್ತದೆ.