ಎಣ್ಣೆಯವಳ ಗುಂಪು

"ಅಜ್ಜಯ್ಯ, ಇನ್ಮೇಲೆ ಮನೆ ಮನೆ ತಿರುಗೋದು ಬಿಟ್ಟು ಬರೀ ಫೋನಲ್ಲೇ ವ್ಯಾಪಾರ ಮಾಡಿದ್ರೆ ಆಗುತ್ತಾ, ಆಗಲ್ವಾ?"

ಕೇಳಿದ್ದು ವನಮಾಲ. ಕಂಪನಿ ಸೋಪು, ಟೀಪುಡಿ ಮಾರೋದು, ಕೊಂಡೋರನ್ನೇ ಮಾರೋರನ್ನಾಗಿ ಮಾಡಿ ತನ್ನ ಕೆಳಗೆ ಸೇರಿಸ್ಕೊಳ್ಳೋದು ಅವಳ ಕಸುಬು. ಬಾಯಿ ಎಂಥದ್ದು ಅಂದ್ರೆ, ಸಾವಿನ ಮನೆಗೆ ಹೋದ್ರೂ ಸೋಪಿನ ಮಾತು ತೆಗೆದೇ ಎದ್ದು ಬರೋಳು. ಆದ್ರೆ ಈಗೀಗ ಕೆಳಗಿನ ಸಾಲು ಒಂದೊಂದಾಗಿ ಕಳಚ್ತಾ ಇತ್ತು. ಎಲ್ಲಾರಿಗಿಂತ ಮೊದ್ಲು ಸೇರಿದ್ದ ನಾದಿನಿ ಶಕುಂತಲೇನೇ ಇವಳನ್ನ ಕಂಡ್ರೆ ಪಕ್ಕದ ಬೀದಿ ಹಿಡೀತಿದ್ಲು. ಸೇರಿಸಿದ್ದೆಲ್ಲ ನೆಂಟರನ್ನೇ. ಸಾಲು ಪೂರ್ತಿ ಹೋದ್ರೆ ವ್ಯಾಪಾರದ ಜೊತೆ ನೆಂಟಸ್ತಿಕೆನೂ ಹೋದ ಹಾಗೆ. ಅದಕ್ಕೇ ಹೊಸ ಫೋನ್ ತಗೊಂಡು, ಗುರುತಿನೋರನ್ನೆಲ್ಲ ಅದರಲ್ಲಿ ಒಂದು ಗುಂಪಿಗೆ ಸೇರಿಸಿ, ಕುಂಕುಮ ಇಟ್ಟು, ಮಠದ ಅಜ್ಜಯ್ಯನ ಮುಂದೆ ತಂದಿಟ್ಟಿದ್ಲು. 'ಆಗುತ್ತೆ' ಅಂತ ಅವರ ಬಾಯಿಂದ ಬಂದ್ರೆ ಸಾಕಿತ್ತು. ಕಾಲು ನೋವೂ ತಪ್ಪೋದು, ಮುಖ ಮುಖ ನೋಡೋ ಕಷ್ಟವೂ ತಪ್ಪೋದು.

ಅಜ್ಜಯ್ಯ ಆಗುತ್ತೆ ಅನ್ಲಿಲ್ಲ, ಆಗಲ್ಲ ಅನ್ಲಿಲ್ಲ. ಕತೆ ಹೇಳಿದ್ರು.

"ಒಬ್ಬಳು ತಲೆಗೆ ಹಚ್ಚೋ ಎಣ್ಣೆ ಮಾರ್ತಿದ್ಲು. ಹೋದ ಮನೇಲಿ ಮೊದ್ಲು ಚೀಲ ಬಿಚ್ತಿರ್ಲಿಲ್ಲ. ಮುದುಕಿ ಇದ್ರೆ ತಲೆ ಬಾಚಿ ಗಂಟು ಹಾಕೋಳು. ಮನೆಯೋರು ಸೊಸೇನ ಬೈದ್ರೂ ಕೇಳೋಳು, ಎಣ್ಣೇನ ಬೈದ್ರೂ ಕೇಳೋಳು. ಹೊರಡೋ ಹೊತ್ತಿಗೆ ಅವರೇ ಕರೆದು, ಒಂದು ಬಾಟ್ಲಿ ಇಟ್ಟು ಹೋಗು ಅನ್ನೋರು.

ಆಮೇಲೆ ಫೋನ್ ತಗೊಂಡ್ಲು. ಆ ಮನೆಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿದ್ಲು. ಬೆಳಿಗ್ಗೆ ಒಂದು ಹೂವಿನ ಚಿತ್ರ, ಹಿಂದೇನೇ ಎಣ್ಣೆ ಚಿತ್ರ. ಮೊದಮೊದ್ಲು ಹೆಂಗಸರು ಅಲ್ಲೂ ಮಾತಾಡಿದ್ರು. ಒಬ್ಬಳು ಮೊಮ್ಮಗನ ಫೋಟೋ ಹಾಕಿದ್ಲು. ಇನ್ನೊಬ್ಬಳು, ನಿನ್ನೆಣ್ಣೆ ಹಚ್ಚಿ ತಲೆ ತುರಿಕೆ ಹತ್ತಿದೆ ಕಣೇ ಅಂತ ಬರೆದ್ಲು. ಎಣ್ಣೆಯವಳು ಅದನ್ನ ನೋಡಿದ್ಲು. ಎಲ್ಲಾರೂ ಓದ್ತಾರಲ್ಲ. ತಾನೊಬ್ಬಳೇ ಬರೆಯೋ ಹಾಗೆ, ಮಿಕ್ಕೋರು ಸುಮ್ನೆ ನೋಡೋ ಹಾಗೆ ಫೋನಲ್ಲಿ ಒಂದು ಬೀಗ ಇರುತ್ತೆ. ಅದನ್ನ ಹಾಕಿಬಿಟ್ಲು."

"ಒಳ್ಳೇದೇ ಮಾಡಿದ್ಲು ಬಿಡಿ," ಅಂದ್ಲು ವನಮಾಲ. "ಇಲ್ದಿದ್ರೆ ಗುಂಪು ಹೋಗಿ ನಲ್ಲಿಕಟ್ಟೆ ಆಗುತ್ತೆ."

"ಅವಳೂ ಹಾಗೇ ಅಂದ್ಕೊಂಡ್ಲು. ದೂರಿಲ್ಲ, ಗಲಾಟೆ ಇಲ್ಲ, ಎಲ್ಲಾರಿಗೂ ಎಣ್ಣೆ ಹಿಡಿಸಿದೆ ಅಂತ. ಬರ್ತಾ ಬರ್ತಾ ಕೊಳ್ಳೋರೂ ಇಲ್ಲ. ಕೊನೆಗೆ ಚಪ್ಪಲಿ ಮೆಟ್ಟಿ ಆ ತುರಿಕೆಯವಳ ಮನೆಗೇ ಹೋದ್ಲು.

'ಯಾಕಕ್ಕ, ಒಂದು ಮಾತೂ ಇಲ್ವಲ್ಲ?' ಅಂದ್ಲು.

'ಮಾತಾಡೋಕೆ ನೀನೆಲ್ಲಿ ಬಿಟ್ಟೆ ತಾಯಿ? ನಾವೆಲ್ಲ ಸೇರಿ ಬೇರೆ ಗುಂಪು ಮಾಡ್ಕೊಂಡಿದ್ದೀವಿ, ನಿನ್ನೊಬ್ಬಳನ್ನ ಬಿಟ್ಟು. ದಿನಾ ನಿನ್ನೆಣ್ಣೆ ಮಾತೇ ಅಲ್ಲಿ,' ಅಂದ್ಲು ಆ ಹೆಂಗಸು."

ವನಮಾಲ ನಗೋಕೆ ಹೋದ್ಲು, ನಗು ಸರಿಯಾಗಿ ಬರ್ಲಿಲ್ಲ. ಶಕುಂತಲ ಮೊನ್ನೆ ಬಾಗಿಲಲ್ಲಿ ಕೂತು ಫೋನ್ ನೋಡಿ ನಗ್ತಿದ್ದಿದ್ದು, ಇವಳು ಬಂದ ತಕ್ಷಣ ಸೆರಗಲ್ಲಿ ಮುಚ್ಚಿಟ್ಟಿದ್ದು ನೆನಪಾಯ್ತು.

"ಆಮೇಲೆ ಫೋನ್ ಬಿಸಾಕಿದ್ಲಾ ಅಜ್ಜಯ್ಯ?"

"ಯಾಕೆ ಬಿಸಾಕ್ತಾಳೆ? ಅಲ್ಲೇ ಜಗಲಿ ಮೇಲೆ ಕೂತು ಬೀಗ ತೆಗೆದ್ಲು. ಮೊದ್ಲು ಬಂದಿದ್ದೆಲ್ಲ ಬೈಗುಳ. ಪೂರ್ತಿ ಓದಿದ್ಲು. ಯಾರು ಜಾಸ್ತಿ ಬೈದಿದ್ರೋ ಅವರ ಮನೆಗೆ ಮಾರನೇ ದಿನ ನಡ್ಕೊಂಡು ಹೋದ್ಲು. ಎಲ್ಲಿಗೆ ನಡೀಬೇಕು ಅಂತ ಫೋನ್ ತೋರಿಸ್ತು, ನಡೆಯೋದು ಕಾಲೇ ನಡೀಬೇಕಾಯ್ತು."

ವನಮಾಲಂಗೆ ಸಮಾಧಾನ ಆಯ್ತು. ಫೋನ್ ಬೇಡ ಅಂತೇನೂ ಹೇಳ್ಲಿಲ್ವಲ್ಲ. ಹೊಸ ಫೋನನ್ನ ಇನ್ನೊಂಚೂರು ಮುಂದಕ್ಕೆ ಸರಿಸಿದ್ಲು.

"ಹಾಗಾದ್ರೆ ಇದಕ್ಕೊಂದು ಆಶೀರ್ವಾದ ಮಾಡಿ ಅಜ್ಜಯ್ಯ."

ಅಜ್ಜಯ್ಯ ಅದನ್ನ ಮುಟ್ಲಿಲ್ಲ. ಚಾಪೆ ಕೆಳಗಿಂದ ತಮ್ಮದೇ ಹಳೇ ಫೋನ್ ತೆಗೆದು, ಅವಳ ಕೈಗೆ ಕೊಟ್ರು.

"ನಿನ್ನ ಗುಂಪಿಗೆ ನನ್ನನ್ನೂ ಸೇರಿಸಿದ್ದೀಯಲ್ಲಮ್ಮ, ಆಶೀರ್ವಾದ ಎಲ್ಲಿ ಬರೀಲಿ, ತೋರಿಸು."