ಕೇಳಿದ್ದರೆ ಹೇಳುತ್ತಿದ್ದ ಸಾಹುಕಾರ

“ಕೇಳಿದರೆ ಖಂಡಿತ ಹೇಳುತ್ತೇನೆ, ಮೇಡಂ. ಕೇಳದವರನ್ನು ಹುಡುಕಿಕೊಂಡು ಹೋಗಿ ಹೇಳಬೇಕೇ?”

ಹೀಗೆ ಕೇಳಿದವನು ಪುರಂದರ. ಈ ಕತೆಯನ್ನು ನನಗೆ ಮೊದಲು ಹೇಳಿದವನೂ ಅವನೇ. ತಾವು ಪೆಚ್ಚಾದ ಪ್ರಸಂಗವನ್ನು ತಾವೇ ಹೇಳಿಕೊಳ್ಳುವವರು ಕಡಿಮೆ. ಆದ್ದರಿಂದ ನಂಬಿದೆ.

ಪುರಂದರ ಮಂಗಳೂರಿನ ಒಂದು ಹಡಗು ಕಂಪನಿಯಲ್ಲಿ ನಾವಿಕರ ನೇಮಕ, ರಜೆ, ಕರಾರು ನೋಡಿಕೊಳ್ಳುತ್ತಾನೆ. ನಾವಿಕರು ಬೇರೆ ಕಂಪನಿಗೆ ಹಾರದಿರಲಿ ಎಂದು ಅವರ ಅಸಲು ಪ್ರಮಾಣಪತ್ರಗಳನ್ನು ಕಂಪನಿ ತನ್ನಲ್ಲೇ ಇಟ್ಟುಕೊಳ್ಳುವುದು ಅಲ್ಲಿಯ ರೂಢಿ. ಈಗ ಕಾನೂನು ಬದಲಾಗಿ, ನಾವಿಕ ಕೇಳಿದ ದಿನವೇ ಅವನ್ನು ಹಿಂದಿರುಗಿಸಬೇಕೆಂದು ಪುರಂದರನ ಕೈಗೆ ಸುತ್ತೋಲೆ ಬಂದಿತ್ತು. ಬಂದು ನಾಲ್ಕು ತಿಂಗಳಾಗಿತ್ತು. ಒಬ್ಬರೂ ಕೇಳಿರಲಿಲ್ಲ. ಕೇಳಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ಅವನು ಈ ಸಂಗತಿ ಹೇಳಿಕೊಂಡದ್ದು ವಾರಿಜಾ ಮೇಡಂ ಎದುರಿಗೆ. ಸಂಜೆ ಕಾಲೇಜಿನಲ್ಲಿ ಅವನಿಗೆ ಕಾರ್ಮಿಕ ಕಾನೂನು ಕಲಿಸಿದವರು ಅವರು. ತಾನು ಸುಳ್ಳು ಹೇಳಿಲ್ಲ, ಕಾನೂನನ್ನೂ ಮುರಿದಿಲ್ಲ, ಆದರೂ ಯಾಕೋ ಊಟ ಸೇರುತ್ತಿಲ್ಲ ಎಂದ. ಮೇಡಂ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಮಜ್ಜಿಗೆಯಾದರೂ ಸೇರುತ್ತದೋ ನೋಡು ಎಂದು ಹೇಳಿ, ಕತೆ ಶುರುಮಾಡಿದರು.

ಒಂದು ಬಂದರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನ ಹಡಗನ್ನು ಒಬ್ಬ ತಾಂಡೇಲ ನಡೆಸುತ್ತಿದ್ದ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮರಳದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತಿತ್ತು. ನೀರಿನ ಬಣ್ಣ ನೋಡಿಯೇ ದಾರಿ ಹೇಳಬಲ್ಲವನು ಆ ಬಂದರಿಗೆಲ್ಲ ಈ ತಾಂಡೇಲನೊಬ್ಬನೇ. ಇಂಥವನು ಬೇರೆಯವರ ಕಡೆ ಹೋದರೆ ಗತಿಯೇನು ಎಂದು ಸಾಹುಕಾರನಿಗೆ ಅಂಜಿಕೆ. ಒಂದು ಕರಾರು ಬರೆಸಿದ. ತನ್ನ ಕೆಲಸ ಬಿಟ್ಟ ಮೇಲೆ ಐದು ವರ್ಷ ತಾಂಡೇಲ ಈ ಬಂದರಿನಲ್ಲಿ ಯಾರ ಹಡಗಿನ ಚುಕ್ಕಾಣಿಯನ್ನೂ ಹಿಡಿಯಕೂಡದು. ಹಿಡಿದರೆ ಅವನ ಸ್ವಂತ ದೋಣಿ ಸಾಹುಕಾರನದು. ತಾಂಡೇಲನಿಗೆ ಓದು ಬಾರದು. ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದ.

ಕೆಲವು ವರ್ಷಗಳಲ್ಲಿ ಸಾಹುಕಾರನ ಅಳಿಯ ಹಡಗು ನಡೆಸುವುದನ್ನು ಕಲಿತು ಬಂದ. ತಾಂಡೇಲನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಕಳಿಸಿದರು. ಕರಾರನ್ನು ಮಾತ್ರ ಯಾರೂ ಹರಿಯಲಿಲ್ಲ.

ಬೇರೆ ಹಡಗಿನವರು ತಾಂಡೇಲನ ಮನೆಗೆ ಬಂದು ಕರೆದರು. ಮಾತು ಕೊಟ್ಟಿದ್ದೇನೆ ಎಂದು ಅವನು ಎಲ್ಲರನ್ನೂ ಹಿಂದೆ ಕಳಿಸಿದ. ತನ್ನ ಚಿಕ್ಕ ದೋಣಿಯಲ್ಲಿ ಹೊಳೆಗಿಳಿದು ಚಿಪ್ಪು ಹೆಕ್ಕಿ ಮಾರತೊಡಗಿದ. ಹಡಗು ನಡೆಸಿದ ಮಹಾರಾಯ ಸೊಂಟದ ನೀರಿನಲ್ಲಿ ಬಗ್ಗಿ ನಿಂತದ್ದು ಕಂಡರೆ ಸಮುದ್ರಕ್ಕೂ ನಗು ಬಂದೀತು ಎಂದು ಹೆಂಡತಿ ಚುಚ್ಚುತ್ತಿದ್ದಳು. ಚುಚ್ಚಿ, ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು.

ಮೂರನೆಯ ವರ್ಷ ಆ ನಾಡಿನ ಅರಸು ಹೊಸ ಕಾನೂನು ಮಾಡಿದ. ಕೆಲಸ ಬಿಟ್ಟವನ ಕೈಕಟ್ಟುವ ಕರಾರುಗಳು ಇನ್ನು ಊರ್ಜಿತವಲ್ಲ. ಅಂಥ ಕರಾರು ಬರೆಸಿಕೊಂಡ ಒಡೆಯರಿಗೆ ಮಾತ್ರ ಓಲೆ ಬಂತು; ಆ ಬಂದರಿನಲ್ಲಿ ಅಂಥವನು ಈ ಸಾಹುಕಾರನೊಬ್ಬನೇ. ಸಾಹುಕಾರ ಓದಿದ. ಎರಡು ಸಲ ಓದಿದ. ಮಡಿಸಿಟ್ಟ.

ಅವನು ಕೆಟ್ಟವನಲ್ಲ. ಹಬ್ಬಕ್ಕೆ ತಾಂಡೇಲನ ಮನೆಗೆ ಅಕ್ಕಿ ಬೆಲ್ಲ ಕಳಿಸುತ್ತಿದ್ದ. ದಾರಿಯಲ್ಲಿ ಸಿಕ್ಕರೆ ನಿಂತು ಬೆನ್ನುನೋವು ಹೇಗಿದೆ ಎಂದು ವಿಚಾರಿಸುತ್ತಿದ್ದ. ತಾಂಡೇಲ ಬಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದ. ತಾಂಡೇಲ ಕೇಳಲಿಲ್ಲ. ಹಾಗೆ ಒಂದು ಮಳೆಗಾಲ ಕಳೆಯಿತು. ಎರಡನೆಯದು ಬಂತು.

ಮುಂಗಾರಿನ ಮೊದಲ ಗಾಳಿ ಎದ್ದ ದಿನ ಬೇರೊಬ್ಬ ಒಡೆಯನ ಹಡಗು ಅಳಿವೆಗೆ ಬಂತು. ಹನ್ನೊಂದು ಜನ ಅದರಲ್ಲಿದ್ದರು. ಚುಕ್ಕಾಣಿ ಹಿಡಿದವನು ಹೊಸಬ. ಹಿಂದಿನ ವರ್ಷ ದಾರಿಯಿದ್ದ ಕಡೆಗೇ ಹಡಗನ್ನು ತಿರುಗಿಸಿದ. ಈ ವರ್ಷ ಅಲ್ಲಿ ದಿಬ್ಬವಿತ್ತು. ಹೊಳೆಯಲ್ಲಿದ್ದ ತಾಂಡೇಲ ಅದನ್ನು ನೋಡಿದ. ಒಂದು ಬೀಡಿ ಸೇದುವಷ್ಟು ಹೊತ್ತು ಹುಟ್ಟು ಹಿಡಿದು ಹಾಗೇ ಕೂತ. ಅಷ್ಟರಲ್ಲಿ ಹಡಗಿನ ತಳ ಮರಳಿಗೆ ತಾಗಿ, ಅದು ಒಂದು ಮಗ್ಗುಲಿಗೆ ವಾಲಿತು. ತಾಂಡೇಲ ಜೋರಾಗಿ ಹುಟ್ಟು ಹಾಕಿದ. ದೋಣಿಯನ್ನು ಹಡಗಿಗೆ ಕಟ್ಟಿ, ಹಗ್ಗ ಹಿಡಿದು ಹತ್ತಿದ. ಹೊಸಬನನ್ನು ಪಕ್ಕಕ್ಕೆ ಸರಿಸಿ ಚುಕ್ಕಾಣಿ ಹಿಡಿದ. ಮುಂದಿನ ದೊಡ್ಡ ಅಲೆ ಎತ್ತಿದ ಕ್ಷಣದಲ್ಲೇ ಹಡಗನ್ನು ದಿಬ್ಬದಿಂದ ಬಿಡಿಸಿ, ಹನ್ನೊಂದು ಜನರನ್ನೂ ದಡ ಸೇರಿಸಿದ.

ಆ ಒಡೆಯ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ. ನಾಳೆಯಿಂದ ನಮ್ಮ ಹಡಗಿಗೇ ಬಾ ಎಂದ. ತಾಂಡೇಲ ಕೈ ಬಿಡಿಸಿಕೊಂಡ. ತಾನು ಮೊದಲು ಹೋಗಬೇಕಾದ ಮನೆ ಬೇರೆ ಇದೆ ಎಂದ.

ತನ್ನ ದೋಣಿಯನ್ನು ನಡೆಸಿಕೊಂಡು ಹೋಗಿ ಸಾಹುಕಾರನ ಮನೆಯ ಹಿಂದಿನ ಕಟ್ಟೆಗೆ ಕಟ್ಟಿದ. ಹುಟ್ಟನ್ನು ಜಗಲಿಗೆ ಒರಗಿಸಿಟ್ಟ. ಒದ್ದೆ ಬಟ್ಟೆಯಲ್ಲೇ ಅಂಗಳದಲ್ಲಿ ನಿಂತ.

“ಧಣಿಗಳೇ, ಮಾತು ತಪ್ಪಿದೆ. ಹನ್ನೊಂದು ಜೀವ ಇತ್ತು, ತಡೆಯಲಾಗಲಿಲ್ಲ. ಕರಾರಿನ ಪ್ರಕಾರ ದೋಣಿ ತಂದಿದ್ದೇನೆ,” ಎಂದ.

ಸಾಹುಕಾರ ದೋಣಿ ನೋಡಿದ. ತಾಂಡೇಲನ ಮನೆಯ ಅನ್ನ ಆ ದೋಣಿಯದು ಎಂದು ಅವನಿಗೆ ಗೊತ್ತಿತ್ತು. ತಾಂಡೇಲನ ಮುಖ ನೋಡಿದ. ಆ ಮುಖದಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವನ ನಾಚಿಕೆಯಿತ್ತು. ಸಾಹುಕಾರ ಜಗಲಿಯಿಂದ ಕೆಳಗಿಳಿದು ಬಂದ. 

“ನೀನು ಯಾವ ಮಾತನ್ನೂ ತಪ್ಪಿಲ್ಲ, ಮಾರಾಯ. ಆ ಕರಾರು ಈಗ ಊರ್ಜಿತವಲ್ಲ. ಕಾನೂನು ಬದಲಾಗಿದೆ,” ಎಂದ.

ತಾಂಡೇಲನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖ ಅರಳಿತು. ಹೆಗಲ ವಸ್ತ್ರದಿಂದ ತಲೆ ಒರೆಸಿಕೊಂಡು, ಒಳ್ಳೆಯ ಸುದ್ದಿ ತಂದವರನ್ನು ಕೇಳುವ ಹಾಗೆ ಕೇಳಿದ.

“ಹೌದೇ? ಯಾವಾಗ ಬದಲಾಯಿತು, ಧಣಿಗಳೇ?”

ವಾರಿಜಾ ಮೇಡಂ ಇಲ್ಲಿಗೆ ನಿಲ್ಲಿಸಿ, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೊರಟರು.

ಪುರಂದರ ಕಾದ. ಕೊನೆಗೆ ತಾನೇ ಕೇಳಿದ. ಸಾಹುಕಾರ ಏನು ಹೇಳಿದ, ಮೇಡಂ?

ಅವರು ಬಾಗಿಲಲ್ಲಿ ತಿರುಗಿ ನಿಂತರು.

“ನನಗೂ ತಿಳಿಯದು, ಪುರಂದರ. ಕಾನೂನು ಬದಲಾಗಿದೆ ಎಂದು ನಿನ್ನ ನಾವಿಕರಿಗೆ ಹೇಳು, ಯಾವಾಗ ಬದಲಾಯಿತು ಎಂದು ಅವರೂ ಕೇಳುತ್ತಾರೆ.”